ಹಿತ್ತಲ ಹಳಿಯ ಮೇಲೆ ನಾಲ್ಕು ಋತು

ಮನೆಯ ಹಿತ್ತಲಿನಲ್ಲೋ ಮುಂದಿನ ಹೂದೋಟದಲ್ಲೋ ನೆಲದ ಮೇಲೆಯೇ ಕಾಯಂ ಆಗಿ ಹಳಿ ಹಾಸಿ, ನಿಜವಾದ ಗಿಡ, ಕಲ್ಲು, ಮಣ್ಣುಗಳ ನಡುವೆ ಪುಟ್ಟ ರೈಲುಗಳನ್ನು ಓಡಿಸುವ ಹವ್ಯಾಸವನ್ನು ಉದ್ಯಾನ ರೈಲು ಎನ್ನುತ್ತಾರೆ. ಬ್ರಿಟನ್, ಜರ್ಮನಿ, ಸ್ವಿಟ್ಜರ್ಲೆಂಡ್ ಮತ್ತು ಅಮೆರಿಕಗಳಲ್ಲಿ ಇದು ವ್ಯಾಪಕವಾಗಿ ಬೇರೂರಿದೆ. ಬೆಂಗಳೂರಿನ ಕಬ್ಬನ್ ಉದ್ಯಾನದ ಬಾಲಭವನದಲ್ಲಿ ಮಕ್ಕಳು ಹತ್ತಿ ಕೂರುತ್ತಿದ್ದ ರೈಲಿಗಿಂತ ಇದು ತೀರ ಚಿಕ್ಕದು, ಏಕೆಂದರೆ ಇಲ್ಲಿಯ ಸಾಮಾನ್ಯ ಎಂಜಿನ್ನನ್ನು ಎರಡು ಕೈಗಳಲ್ಲಿ ಎತ್ತಿ ಹಳಿಯ ಮೇಲೆ ಇಡಬಹುದು. ಕೋಣೆಯೊಳಗಿನ ಮಾದರಿ ರೈಲಿನಲ್ಲಿ ಬೆಟ್ಟ ಪ್ಲಾಸ್ಟರಿನದು, ಮರ ಬಣ್ಣ ಹಚ್ಚಿದ ಸ್ಪಂಜಿನದು, ಹಗಲು ವಿದ್ಯುದ್ದೀಪದ್ದು. ಅಲ್ಲಿ ಒಮ್ಮೆ ವಸಂತವನ್ನು ಚಿತ್ರಿಸಿದರೆ ಅದು ಧೂಳು ಹಿಡಿಯುವವರೆಗೂ ವಸಂತವೇ ಆಗಿರುತ್ತದೆ. ಹಿತ್ತಲಿನಲ್ಲಾದರೋ ಮರ ನಿಜವಾಗಿಯೂ ಬೆಳೆಯುತ್ತದೆ, ಎಲೆ ಉದುರುತ್ತದೆ, ನೆಲ ಹೆಪ್ಪುಗಟ್ಟುತ್ತದೆ, ಹಳಿ ಬಿಸಿಲಿಗೆ ಹಿಗ್ಗುತ್ತದೆ. ಈ ಹವ್ಯಾಸದ ಕೈಪಿಡಿಗಳು ಹವಾಮಾನವನ್ನು ಹೆಚ್ಚಾಗಿ ಅಡಚಣೆಯ ಪಟ್ಟಿಗೆ ಸೇರಿಸುತ್ತವೆ, ಅನೇಕರು ಚಳಿಗಾಲ ಬಂದೊಡನೆ ರೈಲುಗಳನ್ನು ಪೆಟ್ಟಿಗೆಗೆ ಹಾಕಿ ಮೂರು ನಾಲ್ಕು ತಿಂಗಳು ಹಿತ್ತಲ ಕಡೆ ತಿರುಗಿ ನೋಡುವುದಿಲ್ಲ. ಆದರೆ ಉದ್ಯಾನ ರೈಲಿಗೆ ಇರುವ ವಿಶೇಷವೆಲ್ಲ ಈ ಬದಲಾವಣೆಯಿಂದಲೇ ಹುಟ್ಟಿದ್ದು, ಅದನ್ನು ಹನ್ನೆರಡು ತಿಂಗಳೂ ಓಡಿಸಿದವರಿಗೆ ಮಾತ್ರ ಅದು ಪೂರ್ತಿಯಾಗಿ ದಕ್ಕುತ್ತದೆ.

ಮೊದಲು ಅಳತೆಯ ಮಾತು. ಎರಡು ಹಳಿಗಳ ನಡುವಿನ ಅಂತರಕ್ಕೆ ಗೇಜ್ ಎಂದೂ, ನಿಜವಾದ ವಸ್ತುವನ್ನು ಎಷ್ಟು ಪಾಲು ಕುಗ್ಗಿಸಲಾಗಿದೆ ಎಂಬುದಕ್ಕೆ ಪ್ರಮಾಣ ಎಂದೂ ಹೆಸರು. ಹಿತ್ತಲಲ್ಲಿ ಹೆಚ್ಚು ಬಳಕೆಯಲ್ಲಿರುವುದು 45 ಮಿ.ಮೀ. ಗೇಜ್. ಇದೇ ಹಳಿಯ ಮೇಲೆ 1:32 ಪ್ರಮಾಣದ ರೈಲನ್ನು ಓಡಿಸಿದರೆ ಅದು ಯುರೋಪಿನ 1435 ಮಿ.ಮೀ. ಹಳಿಯ ರೈಲಿಗೆ ಸರಿಹೊಂದುತ್ತದೆ, 1:22.5 ಪ್ರಮಾಣದ ರೈಲನ್ನು ಓಡಿಸಿದರೆ ಮೀಟರ್ ಗೇಜಿನ ರೈಲಿಗೆ ಸರಿಹೊಂದುತ್ತದೆ. ಬೆಂಗಳೂರು–ಮೈಸೂರು ಮಾರ್ಗವೂ ಬ್ರಾಡ್ ಗೇಜ್ ಆಗುವವರೆಗೆ ಮೀಟರ್ ಗೇಜೇ ಆಗಿತ್ತಾದ್ದರಿಂದ, ಹಿರಿಯ ಓದುಗರು ಪ್ರಯಾಣ ಮಾಡಿದ ಆ ಹಳಿಯನ್ನು 22.5 ಪಟ್ಟು ಕುಗ್ಗಿಸಿದರೆ ಹೆಚ್ಚುಕಡಿಮೆ ಜರ್ಮನ್ ಹಿತ್ತಲಿನ ಹಳಿಯ ಅಗಲವೇ ಬರುತ್ತದೆ. ಬ್ರಿಟನ್ನಿನಲ್ಲಿ ಇದರ ಜೊತೆಗೆ 32 ಮಿ.ಮೀ. ಗೇಜ್ ಕೂಡ ಜನಪ್ರಿಯವಾಗಿದೆ. ಅಲ್ಲಿ ನಿಜವಾದ ಒಂದು ಅಡಿಗೆ 16 ಮಿ.ಮೀ. ಎಂಬ ಲೆಕ್ಕ ಹಿಡಿದು ಎರಡು ಅಡಿ ಅಗಲದ ಪುಟ್ಟ ಹಳಿಗಳನ್ನು ಅನುಕರಿಸುತ್ತಾರೆ. ವೇಲ್ಸ್‌ನ ಸ್ಲೇಟ್ ಗಣಿಗಳ ರೈಲುಗಳೂ ಡಾರ್ಜಿಲಿಂಗಿನ ಬೆಟ್ಟದ ರೈಲೂ ಈ ಗುಂಪಿನವು, ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಾಡಿನೊಳಗೆ ಹೋಗುತ್ತಿದ್ದ ಹಳೆಯ ಟ್ರಾಮ್‌ವೇ ಕೂಡ ಇದೇ ಅಗಲದ್ದು. ಕಿರಿದಾದ ಹಳಿಯ ರೈಲುಗಳು ನಿಜಜೀವನದಲ್ಲಿಯೂ ಕಡಿದಾದ ತಿರುವು, ಗುಡ್ಡದ ಅಂಚು, ಗಿಡಗಂಟಿಗಳ ನಡುವೆ ಸುತ್ತಿ ಸುಳಿದು ಹೋಗುವಂಥವಾದ್ದರಿಂದ ತೋಟಕ್ಕೆ ಅವೇ ಹೆಚ್ಚು ಒಪ್ಪುತ್ತವೆ.

ಇದರ ಚರಿತ್ರೆಯಲ್ಲಿ ಎರಡು ಊರುಗಳ ಹೆಸರು ಮತ್ತೆ ಮತ್ತೆ ಬರುತ್ತದೆ. ಇಂಗ್ಲೆಂಡಿನ ನಾರ್ಥಾಂಪ್ಟನ್ನಿನಲ್ಲಿ 1899ರಲ್ಲಿ ಆರಂಭವಾದ ಬ್ಯಾಸೆಟ್-ಲೋಕ್ ಸಂಸ್ಥೆಯು ಜರ್ಮನಿಯ ನ್ಯೂರೆಂಬರ್ಗಿನ ಬಿಂಗ್ ಕಾರ್ಖಾನೆಯಿಂದ ರೈಲುಗಳನ್ನು ತಯಾರಿಸಿಕೊಂಡು ಮಾರುತ್ತಿತ್ತು. ಲಂಡನ್ನಿನ ಹತ್ತಿರದ ಬೀಕನ್ಸ್‌ಫೀಲ್ಡ್‌ನಲ್ಲಿ ರೋಲಂಡ್ ಕ್ಯಾಲಿಂಗ್‌ಹ್ಯಾಮ್ ಎಂಬ ಲೆಕ್ಕಪರಿಶೋಧಕ ತನ್ನ ತೋಟದಲ್ಲಿ ಕಟ್ಟಿಸಿ 1929ರಲ್ಲಿ ಸಾರ್ವಜನಿಕರಿಗೆ ತೆರೆದ ಬೆಕನ್ಸ್‌ಕಾಟ್ ಮಾದರಿ ಹಳ್ಳಿಯ ಮನೆ, ಚರ್ಚು, ಕೆರೆಗಳ ನಡುವೆ 45 ಮಿ.ಮೀ. ಗೇಜಿನ ರೈಲು ಈಗಲೂ ಓಡುತ್ತಿದೆ. ಆ ಕಾಲದಲ್ಲಿ ಇದು ದುಡ್ಡಿದ್ದವರ ಹವ್ಯಾಸವಾಗಿತ್ತು. ತಗಡಿನ ಆಟಿಕೆಗಳಿಗೆ ಹೆಸರಾದ, 1881ರಷ್ಟು ಹಳೆಯದಾದ ಲೇಮನ್ ಸಂಸ್ಥೆಯ ರಿಕ್ಟರ್ ಸೋದರರು 1968ರಲ್ಲಿ ನ್ಯೂರೆಂಬರ್ಗ್ ಆಟಿಕೆ ಮೇಳದಲ್ಲಿ ಎಲ್‌ಜಿಬಿ ಎಂಬ ಹೆಸರಿನ ರೈಲನ್ನು ಮುಂದಿಟ್ಟ ಮೇಲೆ ಸ್ಥಿತಿ ಬದಲಾಯಿತು. ಹಿತ್ತಾಳೆಯ ಹಳಿ, ಬಿಸಿಲಿಗೆ ಪುಡಿಯಾಗದ ಪ್ಲಾಸ್ಟಿಕ್ ಸ್ಲೀಪರು, ನೀರು ಬಿದ್ದರೂ ಓಡುವ ಎಂಜಿನ್ ಇವುಗಳಿಂದಾಗಿ, ಅಂಗಡಿಯಿಂದ ಪೆಟ್ಟಿಗೆ ತಂದು ಅದೇ ಮಧ್ಯಾಹ್ನ ಹುಲ್ಲಿನ ಮೇಲೆ ರೈಲು ಓಡಿಸುವುದು ಸಾಧ್ಯವಾಯಿತು. ಮಳೆ, ಹಿಮ, ಬಿಸಿಲುಗಳಲ್ಲಿ ಹೊರಗೇ ಇರಲೆಂದು ಮಾಡಿದ ರೈಲು ಎಂಬುದೇ ಅದರ ಆಕರ್ಷಣೆಯಾಗಿತ್ತು.

ಹೊರಗಿಟ್ಟ ಕೂಡಲೇ ಒಂದು ವಿಚಿತ್ರ ಅಸಮತೆ ತಲೆದೋರುತ್ತದೆ, ಇಡೀ ಹವ್ಯಾಸದ ತಿರುಳೂ ಅಲ್ಲಿಯೇ ಇದೆ. ಮನುಷ್ಯ ಎಂಜಿನ್ನನ್ನು ಕುಗ್ಗಿಸಬಲ್ಲ, ಮಳೆಯನ್ನು ಕುಗ್ಗಿಸಲಾರ. ಎರಡು ಮಿ.ಮೀ. ಅಗಲದ ಒಂದು ಮಳೆಹನಿ 1:22.5ರ ಲೋಕದಲ್ಲಿ ನಾಲ್ಕೂವರೆ ಸೆಂ.ಮೀ. ಗಾತ್ರದ ನೀರಿನ ಗುಂಡು, 10 ಸೆಂ.ಮೀ. ಉದ್ದದ ಓಕ್ ಮರದ ಎಲೆ ಎರಡು ಮೀಟರಿಗೂ ಮಿಗಿಲಾದ ಹಲಗೆ; 10 ಸೆಂ.ಮೀ. ಹಿಮ ಬಿದ್ದರೆ ಅದು ಆಳೆತ್ತರವನ್ನೂ ಮೀರಿದ ರಾಶಿ. ಇದರ ಜೊತೆಗೆ ಉದ್ದ 22.5 ಪಟ್ಟು ಕುಗ್ಗಿದಾಗ ಮೇಲ್ಮೈ ಅದರ ವರ್ಗದಷ್ಟು, ಅಂದರೆ 500ಕ್ಕೂ ಹೆಚ್ಚು ಪಟ್ಟು ಕುಗ್ಗುತ್ತದೆ, ಘನಗಾತ್ರ 11,000ಕ್ಕೂ ಹೆಚ್ಚು ಪಟ್ಟು ಕುಗ್ಗುತ್ತದೆ. 30 ಟನ್ ತೂಗುವ ಎಂಜಿನ್ ಈ ಲೆಕ್ಕದಲ್ಲಿ ಮೂರು ಕಿಲೋಗಿಂತಲೂ ಕಡಿಮೆ ತೂಗಬೇಕಾಗುತ್ತದೆ. ನಿಜವಾದ ಎಂಜಿನ್ನು ಗಮನಿಸದೆ ಪುಡಿ ಮಾಡಿ ಮುಂದೆ ಹೋಗುವ ಕಡ್ಡಿಯೊಂದು ಇಲ್ಲಿ ರೈಲನ್ನು ಹಳಿ ತಪ್ಪಿಸುತ್ತದೆ, ಒಂದು ಬಸವನಹುಳು ಹಳಿಯ ಮೇಲೆ ಬಿಟ್ಟುಹೋದ ಲೋಳೆ ಏರಿನಲ್ಲಿ ಚಕ್ರವನ್ನು ಜಾರಿಸುತ್ತದೆ. ಹವಾಮಾನ ಪೂರ್ಣ ಗಾತ್ರದಲ್ಲಿಯೇ ಉಳಿದು ರೈಲು ಮಾತ್ರ ಚಿಕ್ಕದಾದಾಗ, ನಿಜವಾದ ರೈಲ್ವೆಯ ಸಿಬ್ಬಂದಿ ವರ್ಷವಿಡೀ ಮಾಡುವ ಕೆಲಸವೆಲ್ಲ, ಹಳಿ ಕಾಯುವುದು, ಚರಂಡಿ ಬಿಡಿಸುವುದು, ಜಲ್ಲಿ ತುಂಬುವುದು, ಹಿತ್ತಲ ಒಡೆಯನ ಪಾಲಿಗೂ ಬರುತ್ತದೆ.

ಬ್ರಿಟನ್ನಿನಲ್ಲಿ ಹಿತ್ತಲ ವರ್ಷ ಫೆಬ್ರವರಿ–ಮಾರ್ಚ್ ಹೊತ್ತಿಗೆ ಆರಂಭವಾಗುತ್ತದೆ ಎನ್ನಬಹುದು. ಸ್ನೋಡ್ರಾಪ್ ಎಂಬ ಬಿಳಿಯ ಪುಟ್ಟ ಹೂವೂ, ಅದರ ಹಿಂದೆಯೇ ನಮ್ಮ ಕೇಸರಿಯ ಕುಲಕ್ಕೆ ಸೇರಿದ ಕ್ರೋಕಸ್ಸೂ ಹಳಿಯ ಪಕ್ಕದಲ್ಲಿ ಮೇಲೇಳುತ್ತವೆ. ಕ್ರೋಕಸ್ಸಿನ ಎತ್ತರ 7 ಸೆಂ.ಮೀ. ಎಂದುಕೊಂಡರೆ ರೈಲಿನ ಲೆಕ್ಕದಲ್ಲಿ ಅದು ಒಂದೂವರೆ ಮೀಟರಿಗೂ ಎತ್ತರದ ಹೂವು. ಪ್ರಮಾಣಬದ್ಧತೆಯನ್ನು ಕಟ್ಟುನಿಟ್ಟಾಗಿ ಪಾಲಿಸುವವರು ಇಂಥ ಗೆಡ್ಡೆಹೂಗಳನ್ನು ಹಳಿಯಿಂದ ದೂರವಿಡಬೇಕೆನ್ನುತ್ತಾರೆ. ಆ ಶಿಸ್ತಿಗೆ ತನ್ನದೇ ಗೌರವವಿದೆಯಾದರೂ, ತಿಂಗಳುಗಟ್ಟಲೆ ಬೂದು ಬಣ್ಣದ ನೆಲವನ್ನೇ ನೋಡಿದ ಮೇಲೆ ನೇರಳೆ ಹೂಗಳ ನಡುವಿನಿಂದ ರೈಲು ಹೊರಬರುವ ಮೂರು ವಾರಗಳನ್ನು ಲೆಕ್ಕಾಚಾರಕ್ಕೆ ಬಲಿಕೊಡುವುದು ನಷ್ಟದ ವ್ಯಾಪಾರವೇ ಸರಿ. ಇದೇ ಸಮಯಕ್ಕೆ ಬ್ಲಾಕ್‌ಬರ್ಡ್ ಎಂಬ ಕಪ್ಪು ಹಕ್ಕಿಗಳು ಎರೆಹುಳುಗಳನ್ನು ಹುಡುಕುತ್ತ ಹಳಿಯ ನಡುವಿನ ಜಲ್ಲಿಯನ್ನು ಕೆದರಿ ಎರಚುತ್ತವೆ. ಈ ಜಲ್ಲಿ ಎಂದರೆ ಮೂರು ನಾಲ್ಕು ಮಿ.ಮೀ. ಗಾತ್ರದ ಕಲ್ಲಿನ ಪುಡಿ, ಕೋಳಿಗಳಿಗೆ ತಿನ್ನಿಸಲು ಮಾರುವ ಗ್ರಾನೈಟ್ ಚೂರನ್ನೇ ಅಲ್ಲಿಯ ಅನೇಕರು ಬಳಸುತ್ತಾರೆ. ಸ್ವಲ್ಪ ಸಿಮೆಂಟು ಬೆರೆಸಿ ಹಾಸಿದರೆ ಹಕ್ಕಿಗಳಿಂದ ಅದನ್ನು ಕಾಪಾಡಬಹುದು.

ಗಿಡಗಳ ಆಯ್ಕೆ ಒಂದು ಪ್ರತ್ಯೇಕ ಶಾಸ್ತ್ರವೇ ಆಗಿದೆ. ಎಲೆ ಚಿಕ್ಕದಿರಬೇಕು, ಬೆಳವಣಿಗೆ ನಿಧಾನವಿರಬೇಕು, ಕತ್ತರಿಸಿದರೆ ಸಹಿಸಿಕೊಳ್ಳಬೇಕು. ತುಳಸಿಯ ಕುಟುಂಬಕ್ಕೇ ಸೇರಿದ, ನೆಲದ ಮೇಲೆ ಹರಡುವ ಥೈಮ್ ಹುಲ್ಲುಗಾವಲಿನ ಕೆಲಸ ಮಾಡುತ್ತದೆ. ದಪ್ಪ ಎಲೆಯ ಸೀಡಮ್ ಬಂಡೆಗಳ ಸಂದಿಯಲ್ಲಿ ನೀರಿಲ್ಲದೆಯೂ ಬದುಕುತ್ತದೆ. ಕಾರ್ಸಿಕಾದ ಪುದೀನ ಪಾಚಿಯಷ್ಟು ತಗ್ಗಾಗಿ ತೇವದ ಜಾಗದಲ್ಲಿ ಹಬ್ಬುತ್ತದೆ. ಮರದ ಪಾತ್ರಕ್ಕೆ ಎಲ್ಲಕ್ಕಿಂತ ಹೆಚ್ಚು ಬಳಸುವುದು ಕುಬ್ಜ ಆಲ್ಬರ್ಟಾ ಸ್ಪ್ರೂಸ್ ಎಂಬ ಗೋಪುರಾಕಾರದ ಶಂಕುವೃಕ್ಷವನ್ನು. ಇದು ಬೆಳಕಿಗೆ ಬಂದ ಬಗೆ ಈ ಹವ್ಯಾಸಕ್ಕೆ ಹೇಳಿ ಮಾಡಿಸಿದಂತಿದೆ: 1904ರಲ್ಲಿ ಅಮೆರಿಕದ ಆರ್ನಲ್ಡ್ ಸಸ್ಯೋದ್ಯಾನದ ವಿಜ್ಞಾನಿಗಳಾದ ಜಾನ್ ಜಾರ್ಜ್ ಜ್ಯಾಕ್ ಮತ್ತು ಆಲ್ಫ್ರೆಡ್ ರೇಡರ್ ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಲ್ಯಾಗನ್ ಎಂಬಲ್ಲಿ ರೈಲಿಗಾಗಿ ಕಾಯುತ್ತಿದ್ದಾಗ ಸುತ್ತಮುತ್ತ ಅಡ್ಡಾಡಿ ಈ ಕುಬ್ಜ ತಳಿಯನ್ನು ಕಂಡುಹಿಡಿದರು. ವರ್ಷಕ್ಕೆ ಹೆಚ್ಚೆಂದರೆ 5ರಿಂದ 10 ಸೆಂ.ಮೀ. ಬೆಳೆಯುವ ಈ ಮರವನ್ನು ವಸಂತದ ಕೊನೆಯಲ್ಲಿ ಎಳೆಯ ಚಿಗುರಿದ್ದಾಗಲೇ ಚಿವುಟಿ, ಕೆಳಗಿನ ಕೆಲವು ಕೊಂಬೆಗಳನ್ನು ತೆಗೆದು ಕಾಂಡ ಕಾಣುವಂತೆ ಮಾಡಿದರೆ ಹಳೆಯ ಕಾಡಿನ ಮರದ ರೂಪ ಬರುತ್ತದೆ. ಆದರೂ ಅದು ಬೆಳೆಯುತ್ತಲೇ ಇರುತ್ತದೆ. ಹತ್ತು ವರ್ಷದ ಹಿಂದೆ ನಿಲ್ದಾಣಕ್ಕೆ ನೆರಳಾಗಿದ್ದ ಗಿಡ ಈಗ ಅದನ್ನು ಮುಚ್ಚಿಹಾಕಿದ್ದರೆ, ನಿಲ್ದಾಣವನ್ನು ಸರಿಸುವುದೋ ಮರವನ್ನು ಕೀಳುವುದೋ ಎಂಬ ಪ್ರಶ್ನೆ ಏಳುತ್ತದೆ. ಬಲ್ಲವರು ಸಾಮಾನ್ಯವಾಗಿ ನಿಲ್ದಾಣವನ್ನೇ ಸರಿಸುತ್ತಾರೆ.

ಬೇಸಿಗೆಯ ಸಮಸ್ಯೆಗಳು ಸರಳವಾದವು, ಸುಖಗಳೂ ನೇರವಾದವು. ಲೋಹ ಕಾದಂತೆ ಹಿಗ್ಗುತ್ತದೆ. 30 ಮೀಟರ್ ಉದ್ದದ ಹಿತ್ತಾಳೆ ಹಳಿ ಚಳಿಗಾಲದ –5 ಡಿಗ್ರಿಯಿಂದ ಬಿಸಿಲಿಗೆ ಕಾದ 45 ಡಿಗ್ರಿಗೆ ಏರಿದರೆ ಸುಮಾರು 28 ಮಿ.ಮೀ.ನಷ್ಟು ಉದ್ದವಾಗುತ್ತದೆ. ಹಳಿಯನ್ನು ಕಾಂಕ್ರೀಟಿಗೆ ಬಿಗಿಯಾಗಿ ಮೊಳೆ ಹೊಡೆದಿದ್ದರೆ ಆ ಹೆಚ್ಚುವರಿ ಉದ್ದ ಎಲ್ಲೋ ಒಂದು ಕಡೆ ಹಾವಿನಂತೆ ಡೊಂಕಾಗಿ ಹೊರಬೀಳುತ್ತದೆ, ಆದ್ದರಿಂದ ಜೋಡಣೆಗಳಲ್ಲಿ ಸಂದು ಬಿಟ್ಟು ಹಳಿ ಜಲ್ಲಿಯ ಮೇಲೆ ತುಸು ಸರಿದಾಡಲು ಅವಕಾಶ ಕೊಡುವುದು ರೂಢಿ. ತಂಪಾದ ಬೆಳಿಗ್ಗೆ ಹಳಿ ಹಾಕುವವರು ಹೆಚ್ಚು ಸಂದನ್ನು ಬಿಡಬೇಕು, ಸುಡುವ ಮಧ್ಯಾಹ್ನ ಹಾಕುವವರು ಕಡಿಮೆ. ಇಂಗ್ಲೆಂಡಿನ ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಮೇಲೆ. ಊಟ ಮುಗಿದ ಮೇಲೂ ಎರಡು ತಾಸು ಬೆಳಕಿರುವ ಆ ಸಂಜೆಗಳಲ್ಲಿ ನೆರೆಹೊರೆಯವರು ಸೇರಿ, ಒಬ್ಬರ ಎಂಜಿನ್ನಿಗೆ ಇನ್ನೊಬ್ಬರ ಬೋಗಿಗಳನ್ನು ಜೋಡಿಸಿ ಓಡಿಸುವುದು ಈ ಹವ್ಯಾಸದ ಸಾಮಾಜಿಕ ಮುಖ.

ಅಕ್ಟೋಬರ್ ಹೊತ್ತಿಗೆ ಎಲೆಗಳು ಉದುರತೊಡಗುತ್ತವೆ. ದೊಡ್ಡ ರೈಲ್ವೆಗಳಿಗೂ ಇದು ನಿಜವಾದ ತೊಂದರೆಯೇ: ಚಕ್ರದಡಿ ಸಿಕ್ಕು ನುಜ್ಜಾದ ಒದ್ದೆ ಎಲೆ ಹಳಿಯ ಮೇಲೆ ಕಪ್ಪಗಿನ ಜಾರುಪದರವಾಗಿ ಗಟ್ಟಿಯಾಗುವುದರಿಂದ, ಬ್ರಿಟನ್ನಿನಲ್ಲಿ ಪ್ರತಿ ಶರತ್ಕಾಲವೂ ಅತಿಯಾದ ಒತ್ತಡದ ನೀರು ಚಿಮ್ಮಿಸಿ ಹಳಿ ತೊಳೆಯುವ ವಿಶೇಷ ರೈಲುಗಳನ್ನು ಓಡಿಸಲಾಗುತ್ತದೆ. ಹಿತ್ತಲಿನಲ್ಲಿ ಆ ಕೆಲಸವನ್ನು ಮೆತ್ತನೆಯ ಪೊರಕೆ ಮಾಡುತ್ತದೆ. ಮುಂಜಾನೆ ಸುರಂಗದ ಬಾಯಿಗೂ ಸೇತುವೆಯ ಕಂಬಗಳಿಗೂ ಜೇಡಗಳು ಬಲೆ ಕಟ್ಟಿರುತ್ತವೆ, ಸುರಂಗದೊಳಗೆ ಇಲಿಯೋ ಕಪ್ಪೆಯೋ ಚಳಿಗಾಲದ ಮನೆ ಮಾಡಿರುವುದೂ ಉಂಟು. ಕೈ ಹಾಕಿ ನೋಡಲು ಸಾಧ್ಯವಿರುವಷ್ಟು ಗಿಡ್ಡ ಸುರಂಗವನ್ನೇ ಕಟ್ಟಬೇಕೆಂಬ ಹಳಬರ ಸಲಹೆಗೆ ಕಾರಣ ಇದು. ಎಂಜಿನ್ನಿಗೆ ಶಕ್ತಿ ಒದಗಿಸುವ ಮೂರು ಬಗೆಗಳ ವ್ಯತ್ಯಾಸವೂ ಈ ತೇವದ ದಿನಗಳಲ್ಲಿ ಎದ್ದು ಕಾಣುತ್ತದೆ. ಹಳಿಯ ಮೂಲಕವೇ 24 ವೋಲ್ಟ್‌ವರೆಗಿನ ಅಪಾಯವಿಲ್ಲದ ವಿದ್ಯುತ್ತನ್ನು ಹರಿಸುವುದು ಮೊದಲನೆಯದು. ಅದರ ಟ್ರಾನ್ಸ್‌ಫಾರ್ಮರ್ ಮನೆಯೊಳಗೇ ಇರಬೇಕು, ಹಿತ್ತಾಳೆಯ ಮೇಲೆ ಕಿಲುಬು ಹಿಡಿದರೆ ವಿದ್ಯುತ್ ಚಕ್ರಕ್ಕೆ ತಲುಪದು, ಹಾಗಾಗಿ ಹಳಿಯನ್ನು ಆಗಾಗ ಉಜ್ಜಬೇಕು. ಎಂಜಿನ್ನೊಳಗೇ ಬ್ಯಾಟರಿ ಇಟ್ಟು ರೇಡಿಯೋ ತರಂಗದಿಂದ ನಿಯಂತ್ರಿಸುವುದು ಎರಡನೆಯದು. ಅದಕ್ಕೆ ಹಳಿಯ ಹೊಳಪು ಮುಖ್ಯವಲ್ಲ, ಆದರೆ ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಚಾರ್ಜ್ ಮಾಡಿದರೆ ಅದು ಹಾಳಾಗುತ್ತದೆ. ಮೂರನೆಯದು ನಿಜವಾದ ಉಗಿ, ಅದರ ಋತು ಚಳಿಗಾಲ.

ಉಗಿ ಎಂಜಿನ್ನಿನ ಮಾದರಿಗಳು ನಿಜವಾಗಿಯೂ ನೀರು ಕಾಯಿಸಿ, ಉಗಿಯ ಒತ್ತಡದಿಂದ ಪಿಸ್ಟನ್ ನೂಕಿ ಓಡುತ್ತವೆ. ಇವು ಮೊದಲಿನಿಂದಲೂ ಇದ್ದರೂ, ಬ್ರಿಟನ್ನಿನ ಮಾಮೋಡ್ ಸಂಸ್ಥೆ 1980ರ ಹೊತ್ತಿಗೆ ಅಗ್ಗದ ಮಾದರಿಯೊಂದನ್ನು ತಂದ ಮೇಲೆ ಸಾಮಾನ್ಯರ ಕೈಗೆಟುಕಿದವು, 1982ರಲ್ಲಿ ಆರಂಭವಾದ ಡಾಂಕಾಸ್ಟರ್ ನಗರದ ರೌಂಡ್‌ಹೌಸ್ ಮುಂತಾದ ಸಂಸ್ಥೆಗಳು ಅವನ್ನು ನಂಬಿಕೆಗೆ ಅರ್ಹವಾದ ಯಂತ್ರಗಳನ್ನಾಗಿ ಬೆಳೆಸಿದವು. ತಾಮ್ರದ ಬಾಯ್ಲರಿನಲ್ಲಿ ಸಾಮಾನ್ಯವಾಗಿ ವಾತಾವರಣದ ಒತ್ತಡಕ್ಕಿಂತ ಮೂರು ಪಟ್ಟಿನ ಹತ್ತಿರದಷ್ಟು ಒತ್ತಡ ಇರುತ್ತದೆ, ಕೆಳಗೆ ಬ್ಯೂಟೇನ್ ಅನಿಲ ಉರಿಯುತ್ತದೆ. ಚಿಮಣಿಯಿಂದ ಹೊರಬರುವ ನೀರಾವಿ ಕಣ್ಣಿಗೆ ಕಾಣದ ಅನಿಲ. ಅದು ತಂಪಾಗಿ ಹನಿಗೂಡಿದಾಗ ಮಾತ್ರ ಬೆಳ್ಳಗೆ ಕಾಣುತ್ತದೆ. 30 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು, ಸೊನ್ನೆ ಡಿಗ್ರಿಯ ಗಾಳಿ 5 ಗ್ರಾಮನ್ನೂ ಹಿಡಿಯಲಾರದು. ಅದರಿಂದಾಗಿ ಬೇಸಿಗೆಯ ಮಧ್ಯಾಹ್ನ ಉಗಿಯೇ ಇಲ್ಲವೇನೋ ಎಂಬಂತೆ ಓಡುವ ಎಂಜಿನ್, ಜನವರಿಯ ಬೆಳಿಗ್ಗೆ ಅದೇ ನೀರು ಅದೇ ಅನಿಲದಿಂದ ತನ್ನ ಉದ್ದದ ಎರಡು ಮೂರು ಪಟ್ಟು ದಟ್ಟವಾದ ಬಿಳಿಯ ಹೊಗೆಯನ್ನು ಹಿಂದೆ ಬಿಟ್ಟುಕೊಂಡು ಬರುತ್ತದೆ. ಉಗಿ ಎಂಜಿನ್ನಿನ ಒಡೆಯರು ಚಳಿಗಾಲದಲ್ಲಿ ಅದನ್ನು ಕಪಾಟಿನಲ್ಲಿಡುವುದು ಎಷ್ಟು ವ್ಯರ್ಥವೆಂದು ಇದೊಂದರಿಂದಲೇ ತಿಳಿಯುತ್ತದೆ.

ಅದೇ ಚಳಿ ಎಂಜಿನ್ನನ್ನು ಪರೀಕ್ಷೆಗೂ ಒಡ್ಡುತ್ತದೆ. ಬ್ಯೂಟೇನ್ ಕುದಿಯುವುದು –0.5 ಡಿಗ್ರಿಯಲ್ಲಿ, ಗಾಳಿ ಆ ಮಟ್ಟಕ್ಕೆ ಇಳಿದರೆ ತೊಟ್ಟಿಯೊಳಗಿನ ದ್ರವ ಆವಿಯಾಗಿ ಮೇಲೇಳುವ ಒತ್ತಡವೇ ಇರುವುದಿಲ್ಲ, ಜ್ವಾಲೆ ಕುಗ್ಗಿ ಆರುತ್ತದೆ. ಸುಮಾರು –42 ಡಿಗ್ರಿಯಲ್ಲಿಯೇ ಕುದಿಯುವ ಪ್ರೊಪೇನನ್ನು ಸ್ವಲ್ಪ ಪಾಲು ಬೆರೆಸಿದ ಅನಿಲವನ್ನು ಬಳಸುವುದು ಒಂದು ಪರಿಹಾರ, ಅದನ್ನೂ ತಯಾರಕರು ಒಪ್ಪಿದ ಪ್ರಮಾಣ ಮೀರದಂತೆ ಬಳಸಬೇಕು. ಅನಿಲ ತೊಟ್ಟಿಯ ಸುತ್ತ ಉಗುರುಬೆಚ್ಚಗಿನ ನೀರು ನಿಲ್ಲಿಸುವುದು ಇನ್ನೊಂದು. ಚಿಕ್ಕ ಬಾಯ್ಲರಿಗೆ ಅದರ ಘನಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ ತೀರ ಹೆಚ್ಚಾದ್ದರಿಂದ, ಶಾಖ ದೊಡ್ಡ ಎಂಜಿನ್ನಿಗಿಂತ ಬೇಗ ಸೋರಿಹೋಗುತ್ತದೆ. ಆದಕಾರಣ ಒಳ್ಳೆಯ ಮಾದರಿಗಳು ಬಾಯ್ಲರಿನ ಮೇಲೆ ಶಾಖರೋಧಕ ಹೊದಿಕೆ ಹೊಂದಿರುತ್ತವೆ. ಓಟ ಮುಗಿದ ಮೇಲೆ ನೀರನ್ನೆಲ್ಲ ಬಸಿಯುವುದನ್ನು ಮರೆಯುವಂತಿಲ್ಲ, ಏಕೆಂದರೆ ನೀರು ಮಂಜುಗಡ್ಡೆಯಾಗುವಾಗ ಶೇ. 9ರಷ್ಟು ಹಿಗ್ಗಿ ಸಣ್ಣ ಕೊಳವೆಗಳನ್ನು ಸೀಳಿಬಿಡುತ್ತದೆ.

ಹಿಮ ಬಿದ್ದ ದಿನ ಸ್ವಿಟ್ಜರ್ಲೆಂಡಿನ ರೇಟಿಯನ್ ರೈಲ್ವೆಯನ್ನು ಅನುಕರಿಸುವವರಿಗೆ ಹಬ್ಬ. ಆ ರೈಲ್ವೆ ಮೀಟರ್ ಗೇಜಿನದು, ಆಲ್ಪ್ಸ್ ಪರ್ವತದ ಹಿಮದಲ್ಲಿ ವರ್ಷವಿಡೀ ಓಡುವಂಥದು, ಅದರ ಕೆಂಪು ಬೋಗಿಗಳು ಬಿಳಿಯ ಹಿನ್ನೆಲೆಯಲ್ಲಿ ಎಷ್ಟು ಚೆನ್ನಾಗಿ ಕಾಣುತ್ತವೆಯೋ ಹಿತ್ತಲ ಮಾದರಿಗಳೂ ಅಷ್ಟೇ ಚೆನ್ನಾಗಿ ಕಾಣುತ್ತವೆ. ಹಿಮ ನೂಕುವ ನೇಗಿಲಿನಾಕಾರದ ಗಾಡಿಗಳೂ, ಸುತ್ತುವ ಚಕ್ರದಿಂದ ಹಿಮವನ್ನು ಪಕ್ಕಕ್ಕೆ ಎಸೆಯುವ ಗಾಡಿಗಳೂ ಮಾದರಿಯಾಗಿ ಸಿಗುತ್ತವೆ. ಹಗುರವಾದ ಹೊಸ ಹಿಮದಲ್ಲಿ ಅವು ನಿಜಕ್ಕೂ ಕೆಲಸ ಮಾಡುತ್ತವೆ, ಒದ್ದೆಯಾಗಿ ಗಟ್ಟಿಯಾದ ಹಿಮದೆದುರು ಕೈಪೊರಕೆಯೇ ಗತಿ. ಡಿಸೆಂಬರಿನಲ್ಲಿ ಲಂಡನ್ನಿನ ಮಧ್ಯಾಹ್ನದ ಸೂರ್ಯ ದಿಗಂತದಿಂದ ಸುಮಾರು 15 ಡಿಗ್ರಿಯಷ್ಟೇ ಮೇಲಿರುವುದರಿಂದ 15 ಸೆಂ.ಮೀ. ಎತ್ತರದ ರೈಲಿನ ನೆರಳು ಅರ್ಧ ಮೀಟರಿಗೂ ಉದ್ದವಾಗಿ ಹಿಮದ ಮೇಲೆ ಜೊತೆಗೆ ಓಡುತ್ತದೆ. ಜೂನ್ ಮಧ್ಯಾಹ್ನದಲ್ಲಿ ಅದೇ ನೆರಳು 8 ಸೆಂ.ಮೀ. ಇದ್ದರೆ ಹೆಚ್ಚು. ಚಳಿಯನ್ನು ತಾಳಲಾರದವರಿಗಾಗಿ ಒಳಾಂಗಣ ಪ್ರದರ್ಶನಗಳೂ ಉಂಟು. ನ್ಯೂಯಾರ್ಕ್ ಸಸ್ಯೋದ್ಯಾನದ ಗಾಜಿನ ಮನೆಯಲ್ಲಿ 1992ರಿಂದ ನಡೆದುಬಂದಿರುವ ಚಳಿಗಾಲದ ರೈಲು ಪ್ರದರ್ಶನದಲ್ಲಿ, ಪಾಲ್ ಬಸ್ಸಿ ಎಂಬ ಭೂದೃಶ್ಯ ವಿನ್ಯಾಸಕ ಆರಂಭಿಸಿದ ತಂಡವು ತೊಗಟೆ, ಬೀಜ, ಕಡ್ಡಿ, ಒಣಹಣ್ಣುಗಳಿಂದಲೇ ಆ ನಗರದ ಕಟ್ಟಡಗಳನ್ನು ಕಟ್ಟಿ ನಡುವೆ ರೈಲು ಓಡಿಸುತ್ತದೆ. ಕುಶಲಕಲೆಯಾಗಿ ಅದು ಬೆರಗು ಹುಟ್ಟಿಸುವಂಥದು, ಆದರೆ ಗಾಜಿನ ಒಳಗಿನ ಬೆಚ್ಚನೆಯ ತೋಟದಲ್ಲಿ ರೈಲಿಗೆ ಹವಾಮಾನದ ಜೊತೆ ಸೆಣಸುವ ಪ್ರಮೇಯ ಇಲ್ಲ.

ಹಿಮ ಕರಗಿದ ಮೇಲೆ ಹಳಿ ಅಲ್ಲಲ್ಲಿ ಉಬ್ಬಿ ತಗ್ಗಾಗಿರುವುದು ಕಂಡುಬರುತ್ತದೆ. ಮಣ್ಣಿನೊಳಗಿನ ನೀರು ಹೆಪ್ಪುಗಟ್ಟುತ್ತ ಕೆಳಗಿನ ತೇವವನ್ನೂ ತನ್ನೆಡೆಗೆ ಸೆಳೆದುಕೊಂಡು ಪದರ ಪದರವಾದ ಮಂಜುಗಡ್ಡೆಯಾಗಿ ಮೇಲಿನ ನೆಲವನ್ನು ಎತ್ತುತ್ತದೆ, ಕರಗಿದಾಗ ನೆಲ ಮೊದಲಿನ ಮಟ್ಟಕ್ಕೆ ಸರಿಯಾಗಿ ಇಳಿಯುವುದಿಲ್ಲ. ಜೇಡಿಮಣ್ಣಿನಲ್ಲಿ ಈ ಕಾಟ ಹೆಚ್ಚು. ಹಳಿಯ ಕೆಳಗೆ ಗೇಣುದ್ದ ಅಗೆದು ನೀರು ಬಸಿಯುವ ಜಲ್ಲಿ ತುಂಬಿದ್ದವರು ಮಟ್ಟಗೋಲು ಹಿಡಿದು ಒಂದು ಮಧ್ಯಾಹ್ನದಲ್ಲಿ ಸರಿಪಡಿಸಿಕೊಳ್ಳುತ್ತಾರೆ, ಹಾಗೆ ಮಾಡದವರು ಪ್ರತಿ ಮಾರ್ಚಿನಲ್ಲಿಯೂ ಅರ್ಧ ಮಾರ್ಗವನ್ನು ಕಿತ್ತು ಹಾಕುತ್ತಾರೆ. ಹೊಸದಾಗಿ ಆರಂಭಿಸುವವರಿಗೆ ಅನುಭವಿಗಳು ಕೊಡುವ ಸಲಹೆಯೂ ಇದಕ್ಕೇ ಸಂಬಂಧಿಸಿದ್ದು. ಕನಿಷ್ಠ 60 ಸೆಂ.ಮೀ. ತ್ರಿಜ್ಯದ ತಿರುವುಗಳನ್ನಿಟ್ಟು, ಏರು ನೂರಕ್ಕೆ ಎರಡನ್ನು ಮೀರದಂತೆ ನೋಡಿಕೊಂಡು, ಚಿಕ್ಕದೊಂದು ಸುತ್ತನ್ನು ಮಾತ್ರ ಜಲ್ಲಿಯ ಮೇಲೆ ಸಡಿಲವಾಗಿ ಹಾಸಿ, ಸಿಮೆಂಟು ಸುರಿಯದೆ, ಮರ ನೆಡದೆ, ಒಂದು ಪೂರ್ತಿ ವರ್ಷ ಓಡಿಸಿ ನೋಡುವುದು ಒಳ್ಳೆಯದು. ಮಳೆನೀರು ಎಲ್ಲಿ ನಿಲ್ಲುತ್ತದೆ, ಜನವರಿಯ ಗೋಡೆಯ ನೆರಳಿನಲ್ಲಿ ಯಾವ ತಿರುವು ಕರಗದೆ ಉಳಿಯುತ್ತದೆ, ನೆರೆಮನೆಯ ಮರದ ಎಲೆ ಯಾವ ಮೂಲೆಯಲ್ಲಿ ಬಂದು ಗುಡ್ಡೆಯಾಗುತ್ತದೆ ಎಂಬುದೆಲ್ಲ ಆ ಹನ್ನೆರಡು ತಿಂಗಳಲ್ಲಿ ತಿಳಿದಿರುತ್ತದೆ, ಕಾಯಂ ಹಳಿಯ ನಕ್ಷೆಯನ್ನು ಅನಂತರ ಬರೆಯಬಹುದು.